ಹೆಸರು ಮುಚ್ಚಿ ಅಂಕಿ ಓದಿ

ಚುನಾವಣಾ ಅಂಕಿಅಂಶಗಳ ಪಾಠ ಮಾಡುವ ನನಗೆ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಎದುರಾಗುವ ಪ್ರಶ್ನೆ ಇದು: ‘ಅಮೆರಿಕದಲ್ಲಿ ಈಗಿರೋ ಅಧ್ಯಕ್ಷರು ಮತ್ತೆ ಗೆಲ್ತಾರಾ ಸರ್?’ ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಕೂತಿರುತ್ತದೆ. ಆ ವ್ಯಕ್ತಿ ಇಷ್ಟವಾದರೆ ಗೆಲುವಿಗೆ ಹತ್ತು ಕಾರಣ, ಇಷ್ಟವಾಗದಿದ್ದರೆ ಸೋಲಿಗೆ ಹತ್ತು ಕಾರಣ. ಹಾಗಾಗಿ ಮೊದಲ ತರಗತಿಯಲ್ಲಿ ನಾನು ಯಾರ ಹೆಸರನ್ನೂ ಎತ್ತುವುದಿಲ್ಲ. ಬೋರ್ಡಿನ ಮೇಲೆ ಎರಡೇ ಸಾಲು ಬರೆಯುತ್ತೇನೆ. ಒಬ್ಬ ಅಧ್ಯಕ್ಷ, ಮತದಾನದ ತಿಂಗಳಲ್ಲಿ ನಿರುದ್ಯೋಗ ಶೇ 7.5. ಇನ್ನೊಬ್ಬ ಅಧ್ಯಕ್ಷ, ಮತದಾನದ ತಿಂಗಳಲ್ಲಿ ನಿರುದ್ಯೋಗ ಶೇ 7.2. ಯಾರು ಗೆದ್ದರು, ಯಾರು ಸೋತರು, ಹೇಳಿ.

ಇಬ್ಬರೂ ಸೋತಿರಬೇಕು ಎನ್ನುವವರೇ ಹೆಚ್ಚು. ಆಮೇಲೆ ಹೆಸರು ಬರೆಯುತ್ತೇನೆ. ಮೊದಲನೆಯವರು ಜಿಮ್ಮಿ ಕಾರ್ಟರ್. 1980ರಲ್ಲಿ ಅವರಿಗೆ ಸಿಕ್ಕಿದ್ದು 538ರಲ್ಲಿ ಬರೀ 49 ಎಲೆಕ್ಟೋರಲ್ ಮತ, ಅಂದರೆ ರಾಜ್ಯಗಳಿಗೆ ಹಂಚಿರುವ, ಅಧ್ಯಕ್ಷರನ್ನು ಆರಿಸುವ ಮತ. ಎರಡನೆಯವರು ಅವರನ್ನೇ ಸೋಲಿಸಿದ್ದ ರೊನಾಲ್ಡ್ ರೇಗನ್. 1984ರಲ್ಲಿ ಅವರು 50 ರಾಜ್ಯಗಳಲ್ಲಿ 49ನ್ನು ಗೆದ್ದು 525 ಮತ ಬಾಚಿಕೊಂಡರು. ತರಗತಿ ಗುಜುಗುಜು ಎನ್ನುವಷ್ಟರಲ್ಲಿ ಇನ್ನೊಂದು ಅಂಕಣ ಸೇರಿಸುತ್ತೇನೆ: ಈ ಸಂಖ್ಯೆಗೆ ಅವರು ಬಂದದ್ದು ಎಲ್ಲಿಂದ? 1980ರ ಜನವರಿಯಲ್ಲಿ ಕಾರ್ಟರ್ ಅವರ ನಿರುದ್ಯೋಗ ಪ್ರಮಾಣ ಶೇ 6.3 ಇತ್ತು. ರೇಗನ್ ಅವರದು 1982ರ ಕೊನೆಗೆ ಶೇ 10.8ಕ್ಕೆ ಮುಟ್ಟಿತ್ತು. ಒಬ್ಬರು ಮೆಟ್ಟಿಲು ಇಳಿಯುತ್ತಿದ್ದರು, ಇನ್ನೊಬ್ಬರು ಹತ್ತುತ್ತಿದ್ದರು. ಆ ಗಳಿಗೆಯಲ್ಲಿ ಫೋಟೊ ತೆಗೆದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲೆ.

ಹಾಲಿ ಅಧ್ಯಕ್ಷರ ಮರುಆಯ್ಕೆಯ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದರ ತಿರುಳು ಇದೇ. ಜನ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ಅಳೆದು ಮತ ಹಾಕುವುದಕ್ಕಿಂತ, ಅದು ಯಾವ ಕಡೆ ಹೊರಟಿದೆ ಎಂದು ನೋಡಿ ಹಾಕುತ್ತಾರೆ. ಅದೂ ಚುನಾವಣೆಯ ವರ್ಷದಲ್ಲಿ ಎಲ್ಲಿಗೆ ಹೊರಟಿದೆ ಎಂಬುದು ಮುಖ್ಯ. 1983ರ ಜನವರಿಯಲ್ಲಿ ಗ್ಯಾಲಪ್ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ ರೇಗನ್ ಅವರ ಕೆಲಸ ಮೆಚ್ಚಿದವರು ಶೇ 35 ಮಾತ್ರ. ಅಂದು ಅವರ ಕಥೆ ಮುಗಿಯಿತು ಎಂದು ತೀರ್ಪು ಕೊಟ್ಟಿದ್ದವರು ಅಂಕಿಯನ್ನು ತಪ್ಪಾಗಿ ಓದಿರಲಿಲ್ಲ, ಓದಿದ ಸಮಯ ತಪ್ಪಾಗಿತ್ತು. ಕಾರ್ಟರ್ ವಿಷಯದಲ್ಲಿ ನಿರುದ್ಯೋಗದ ಮೇಲೆ ಎರಡಂಕಿಯ ಹಣದುಬ್ಬರವೂ ಇತ್ತು. ಸಾಲದ್ದಕ್ಕೆ, 1980ರ ಮತದಾನದ ದಿನವೇ ಇರಾನಿನ ಟೆಹರಾನ್‌ನಲ್ಲಿ ಅಮೆರಿಕನ್ನರು ಒತ್ತೆಯಾಳಾಗಿ ಸರಿಯಾಗಿ ಒಂದು ವರ್ಷ ತುಂಬಿತ್ತು. ಮತಗಟ್ಟೆಗೆ ಹೊರಟವರಿಗೆ ಟಿ.ವಿ. ನೆನಪಿಸುತ್ತಿದ್ದದ್ದು ಅದನ್ನೇ.

‘ಅಧಿಕಾರದಲ್ಲಿ ಇರುವವರು ಸಾಮಾನ್ಯವಾಗಿ ಗೆಲ್ತಾರೆ’ ಎಂಬ ಮಾತೂ ಚರ್ಚೆಯಲ್ಲಿ ಬಂದೇ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಹಾಲಿ ಅಧ್ಯಕ್ಷರು ಕಣದಲ್ಲಿ ಕೊನೆಯವರೆಗೂ ನಿಂತದ್ದು 12 ಸಲ. ಗೆದ್ದದ್ದು 8 ಸಲ. ಸೋತವರು ಫೋರ್ಡ್, ಕಾರ್ಟರ್, ಹಿರಿಯ ಬುಷ್ ಮತ್ತು 2020ರಲ್ಲಿ ಟ್ರಂಪ್. ಮೂರರಲ್ಲಿ ಎರಡು ಪಾಲು ಗೆಲುವು ಎಂದು ಹೇಳಲು ಸುಲಭ, ಆದರೆ ಹನ್ನೆರಡೇ ಉದಾಹರಣೆ ಹಿಡಿದು ನಿಯಮ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸಲ ಒಬ್ಬರು ಸೋತರೂ ಆ ಲೆಕ್ಕ ಎಷ್ಟೋ ಕೆಳಗೆ ಬೀಳುತ್ತದೆ. ಸೋತ ನಾಲ್ವರಲ್ಲಿ ಮೂವರು ಮೊದಲು ತಮ್ಮದೇ ಪಕ್ಷದೊಳಗೆ ಬಲವಾದ ಸವಾಲು ಎದುರಿಸಿದ್ದರು ಎಂಬುದು ಇದಕ್ಕಿಂತ ಹೆಚ್ಚು ಗಮನಿಸುವಂಥದ್ದು. ಫೋರ್ಡ್ ವಿರುದ್ಧ ರೇಗನ್, ಕಾರ್ಟರ್ ವಿರುದ್ಧ ಎಡ್ವರ್ಡ್ ಕೆನಡಿ, ಬುಷ್ ವಿರುದ್ಧ ಪ್ಯಾಟ್ ಬುಕಾನನ್ ನಿಂತಿದ್ದರು. ಆ ಸವಾಲೇ ಅವರನ್ನು ಸೋಲಿಸಿತು ಎಂದು ನಾನು ಹೇಳುವುದಿಲ್ಲ. ಜ್ವರ ಬಂದಾಗ ಮೈ ಬಿಸಿಯಾಗುವ ಹಾಗೆ, ಒಳಗಿನ ಅಸಮಾಧಾನ ಹೊರಗೆ ಕಂಡದ್ದು ಅಷ್ಟೇ. ಟ್ರಂಪ್‌ಗೆ ಅಂಥ ಸವಾಲೇ ಇರಲಿಲ್ಲ, ಆದರೂ ಸೋತರು.

2020ರ ಆ ಸೋಲನ್ನು ಹತ್ತಿರದಿಂದ ನೋಡಬೇಕು. ದೇಶದ ಒಟ್ಟು ಮತಗಳಲ್ಲಿ ಬೈಡನ್ 70 ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೆ ಆರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಅಂತರ ಸುಮಾರು 43 ಸಾವಿರ. ಆ ಮೂರು ರಾಜ್ಯ ಟ್ರಂಪ್ ಕಡೆ ವಾಲಿದ್ದರೆ ಎಲೆಕ್ಟೋರಲ್ ಮತ 269–269 ಆಗಿ, ತೀರ್ಮಾನ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಗುತ್ತಿತ್ತು. ಅಲ್ಲಿ ರಾಜ್ಯಕ್ಕೊಂದೇ ಮತ. ಹಾಗಾಗಿ ದೇಶಮಟ್ಟದ ಸಮೀಕ್ಷೆ ಹಿಡಿದು ‘ಮೂರು ಅಂಶ ಮುಂದೆ, ಎರಡು ಅಂಶ ಹಿಂದೆ’ ಎಂದು ವಾದಿಸುವವರಿಗೆ ನಾನು ಕೇಳುವುದು ಒಂದೇ: ಯಾವ ರಾಜ್ಯದಲ್ಲಿ? ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಪ್ರತಿ ಸಂಖ್ಯೆಯೂ ಮೂರು ಅಂಶ ಆಚೀಚೆ ಆಗಬಹುದು. 48–46 ಎಂದು ಬಂದರೆ ಯಾರು ಮುಂದಿದ್ದಾರೆ ಎಂದು ಹೇಳಲಾಗದು.

ದಿಕ್ಕು ನೋಡಿ ಎಂದು ನಾನು ಹೇಳುವಾಗ ಚುರುಕಾದ ವಿದ್ಯಾರ್ಥಿಯೊಬ್ಬಳು 2024ನ್ನು ಎತ್ತಿಕೊಂಡಳು. ‘ಹಣದುಬ್ಬರ ಶೇ 9.1ರಿಂದ ಶೇ 3ಕ್ಕೆ ಇಳಿದಿತ್ತು, ನಿರುದ್ಯೋಗವೂ ಕಡಿಮೆ ಇತ್ತು. ದಿಕ್ಕು ಸರಿಯಾಗೇ ಇತ್ತಲ್ಲ ಸರ್?’ ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಲು ನನಗೂ ಹೊತ್ತು ಬೇಕಾಯಿತು. ಬೈಡನ್ ಜುಲೈ 21ರಂದು ಕಣದಿಂದ ಹಿಂದೆ ಸರಿದದ್ದಕ್ಕೆ ವಯಸ್ಸಿನ ಪ್ರಶ್ನೆಯೂ, ಜೂನ್ ಕೊನೆಯ ವಾರದ ಚರ್ಚೆಯಲ್ಲಿ ಅವರು ತಡವರಿಸಿದ್ದೂ ಕಾರಣ. ಆದರೆ ಅವರ ಜಾಗಕ್ಕೆ ಬಂದ ಕಮಲಾ ಹ್ಯಾರಿಸ್ ಕೂಡ ಪೈಪೋಟಿಯ ಏಳೂ ರಾಜ್ಯಗಳನ್ನು ಕಳೆದುಕೊಂಡರು. ನಿರುದ್ಯೋಗ ಇಳಿದರೆ ಸಾಮಾನ್ಯವಾಗಿ ಕೆಲಸ ಹೋದವನಿಗೆ ಕೆಲಸ ಸಿಕ್ಕಿದೆ ಎಂದರ್ಥ. ಹಣದುಬ್ಬರ ಇಳಿದರೆ ಬೆಲೆ ಇಳಿದಿದೆ ಎಂದರ್ಥವಲ್ಲ, ಏರುವ ವೇಗ ತಗ್ಗಿದೆ ಎಂದಷ್ಟೇ. ಬೈಡನ್ ಅಧಿಕಾರಕ್ಕೆ ಬಂದಾಗಿನ ಬೆಲೆಗಿಂತ ಐದನೇ ಒಂದು ಭಾಗದಷ್ಟು ಹೆಚ್ಚು ಬೆಲೆಯನ್ನು ಜನ ಅಂಗಡಿಯಲ್ಲಿ ಆಗಲೂ ಕೊಡುತ್ತಿದ್ದರು. ದಿಕ್ಕು ಅಂದರೆ ಅರ್ಥಶಾಸ್ತ್ರಜ್ಞನ ನಕ್ಷೆಯಲ್ಲಿ ಕಾಣುವ ಗೆರೆಯಲ್ಲ, ಮನೆ ನಡೆಸುವವರ ಅನುಭವಕ್ಕೆ ಬರುವುದು. ಅವಳ ಪ್ರಶ್ನೆಯಿಂದ ನನ್ನ ಪಾಠಕ್ಕೆ ಈ ಮಾತು ಸೇರಿತು.

ಈ ವ್ಯತ್ಯಾಸ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಹಿರಿಯ ಬುಷ್ ಕಥೆಯಲ್ಲಿ. 1991ರಲ್ಲಿ ಕುವೈತ್ ಯುದ್ಧ ಗೆದ್ದ ಬೆನ್ನಿಗೇ ಅವರ ಜನಮೆಚ್ಚುಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89. ಅಂಥವರನ್ನು ಸೋಲಿಸುವುದು ಯಾರಿಂದ ಸಾಧ್ಯ ಎಂಬ ಮಾತು ಎಲ್ಲೆಡೆ. ಡೆಮಾಕ್ರಟಿಕ್ ಪಕ್ಷದ ದೊಡ್ಡ ಹೆಸರುಗಳು ಕಣಕ್ಕೇ ಇಳಿಯಲಿಲ್ಲ. ಇಳಿದವರಲ್ಲಿ ಒಬ್ಬರು ಅರ್ಕನ್ಸಾದಂಥ ಸಣ್ಣ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್. ಮುಂದಿನ ವರ್ಷ ಜೂನ್‌ನಲ್ಲಿ ನಿರುದ್ಯೋಗ ಶೇ 7.8ಕ್ಕೆ ಏರಿತು. ರಾಸ್ ಪೆರೊ ಎಂಬ ಉದ್ಯಮಿ ಸ್ವತಂತ್ರವಾಗಿ ನಿಂತು ಶೇ 19ರ ಹತ್ತಿರ ಮತ ಪಡೆದರು. ನವೆಂಬರ್ 3ರಂದು ಬುಷ್‌ಗೆ ಬಂದದ್ದು ಶೇ 37ರಷ್ಟು ಮತ. ಕುಸಿತ ಮುಗಿದಿದೆ, ಆರ್ಥಿಕತೆ ಚೇತರಿಸುತ್ತಿದೆ ಎಂದು ಅವರು ಪ್ರಚಾರದುದ್ದಕ್ಕೂ ಹೇಳುತ್ತಲೇ ಇದ್ದರು. ಕೆಲಸ ಕಳೆದುಕೊಂಡವರಿಗೆ ಅದು ಕಿವಿಗೆ ಹೋಗಲಿಲ್ಲ. ಅಮೆರಿಕದಲ್ಲಿ ಆರ್ಥಿಕ ಹಿಂಜರಿತದ ಆರಂಭ, ಅಂತ್ಯಗಳನ್ನು ಗುರುತಿಸುವ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಸಂಸ್ಥೆ ತನ್ನ ತೀರ್ಮಾನ ಪ್ರಕಟಿಸಿದ್ದು 1992ರ ಡಿಸೆಂಬರ್ 22ರಂದು, ಮತದಾನ ಮುಗಿದು ಸರಿಯಾಗಿ ಏಳು ವಾರಕ್ಕೆ. ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು ಎಂದು ಅದರಲ್ಲಿತ್ತು. ಅಷ್ಟು ಹೊತ್ತಿಗೆ ಬುಷ್ ಶ್ವೇತಭವನ ಬಿಡಲು ಒಂದು ತಿಂಗಳಷ್ಟೇ ಬಾಕಿ.