ಯಾವ ಮಾತ್ರೆ ಚಲೋ? ಆರು ವಾರ ಬಿಟ್ಟು ಹೇಳಿ

"ಡಾಕ್ಟ್ರೇ, ಆ ಹಳೇ ಮಾತ್ರೆಯೇ ಚಲೋ ಇತ್ತು. ನುಂಗಿದ ಅರ್ಧ ಗಂಟೆಗೆ ಎದೆ ಡವಡವ ನಿಲ್ತಿತ್ತು." ಶಿರಸಿಯ ನನ್ನ ಓಪಿಡಿಯಲ್ಲಿ ಇದು ಮಾಮೂಲಿ ಮಾತು. ಹೇಳುವವರು ಹೆಚ್ಚಾಗಿ ಆತಂಕ, ಖಿನ್ನತೆ ಎರಡೂ ಇರುವವರು. ಗ್ಯಾಸು, ತಲೆಭಾರ, ನಿದ್ದೆ ಇಲ್ಲ ಅಂತ ಅಲ್ಲಿ ಇಲ್ಲಿ ತೋರಿಸಿ, ಇಸಿಜಿ ಮುಗಿಸಿಕೊಂಡೇ ಬಂದಿರುತ್ತಾರೆ.

ಆ ಹಳೇ ಮಾತ್ರೆ ಆಲ್ಪ್ರಜೋಲಂ ಅಥವಾ ಕ್ಲೋನಜೆಪಾಮ್. ಆತಂಕವನ್ನು ಬೇಗ ಇಳಿಸುತ್ತದೆ, ಸುಳ್ಳಲ್ಲ. ಆದರೆ ಯಾವುದೂ ಬೇಡ ಅನ್ನಿಸುವ ಬೇಸರ ಹಾಗೇ ಉಳಿಯುತ್ತದೆ. ಕೆಲವು ವಾರ ದಿನಾ ನುಂಗಿದರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜಾಸ್ತಿ ಚಡಪಡಿಕೆ, ಕೆಲವರಿಗೆ ಫಿಟ್ಸ್ ಕೂಡ. ನುಂಗುತ್ತಿರುವವರು ವೈದ್ಯರನ್ನು ಕೇಳಿ ನಿಧಾನ ಇಳಿಸಬೇಕು. ಸಾರಾಯಿ ಜೊತೆಗಂತೂ ಬೇಡವೇ ಬೇಡ.

ಎಸಿಟಲೊಪ್ರಾಮ್, ಸರ್ಟ್ರಲಿನ್ ಇದಕ್ಕೆ ಉಲ್ಟಾ. ಆತಂಕ, ಖಿನ್ನತೆ ಎರಡಕ್ಕೂ ಇವುಗಳಲ್ಲಿ ಒಂದೇ ಮಾತ್ರೆ ಸಾಕು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಸರಿಯಾಗಿ ತೂಗಿ ನೋಡಲು ಆರರಿಂದ ಎಂಟು. ಮೊದಲ ವಾರ ಹೊಟ್ಟೆ ತೊಳೆಸುತ್ತದೆ, ಚಡಪಡಿಕೆ ಸ್ವಲ್ಪ ಏರುವುದೂ ಉಂಟು. ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರಿಗೆ ಇದು ಸುಮ್ನೆ ಮಾತಲ್ಲ! ತಿಂಡಿ ಆದ ಮೇಲೆ ತಗೊಳ್ಳಿ ಎನ್ನುತ್ತೇನೆ. ಶುರುವೂ ಸಣ್ಣ ಡೋಸಿನಿಂದಲೇ: ಎಸಿಟಲೊಪ್ರಾಮ್ ಆದರೆ 5 ಮಿ.ಗ್ರಾಂ, ಸರ್ಟ್ರಲಿನ್ ಆದರೆ 25.

ಇವೆರಡರಲ್ಲಿ ಯಾವುದು ಜೋರು ಎಂದು ಕೇಳಿದರೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಾನು ನೋಡುವುದು ಜೊತೆಗಿರುವ ಕಾಯಿಲೆಯನ್ನು. ಹೃದಯಾಘಾತ ಆದವರಿಗೆ ಸರ್ಟ್ರಲಿನ್ ಕೊಡುತ್ತೇನೆ. ಎಸಿಟಲೊಪ್ರಾಮ್ ಡೋಸ್ ಏರಿದಂತೆ ಹೃದಯದ ಬಡಿತದಲ್ಲಿ ಏರುಪೇರಾಗಬಹುದು, ಹಾಗಾಗಿ ವಯಸ್ಸಾದವರಿಗೆ 10 ಮಿ.ಗ್ರಾಂ ದಾಟಿಸುವುದಿಲ್ಲ. ಬೇಗ ಭೇದಿ ಆಗುವವರಿಗೆ ಸರ್ಟ್ರಲಿನ್ ಕಿರಿಕಿರಿ. ನಿದ್ದೆ, ಹಸಿವು ಎರಡೂ ಹೋಗಿ ಸೊರಗಿದವರಿಗೆ ಮಿರ್ಟಜಪಿನ್ ಚಲೋ, ತೂಕ ಏರುತ್ತದೆ ಅಷ್ಟೇ. ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆಯೂ ಬರುತ್ತದೆ. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಕಾಡುತ್ತದೆ, ಡೋಸ್ ಮೀರಿದರೆ ತುಂಬಾ ಅಪಾಯ. ನನ್ನ ಮೊದಲ ಆಯ್ಕೆ ಅಲ್ಲ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುವವರು ಮೊದಲೇ ಹೇಳಿಬಿಡಿ. ಎಸಿಟಲೊಪ್ರಾಮ್, ಸರ್ಟ್ರಲಿನ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಜಾಸ್ತಿ.

ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಖಿನ್ನತೆಯ ಮಾತ್ರೆ ಮುಂದುವರಿಸಬೇಕು. 25 ವರ್ಷದೊಳಗಿನವರನ್ನು ಮೊದಲ ಕೆಲವು ವಾರ ಮನೆಯವರು ಗಮನಿಸುತ್ತಿರಿ. ಸಾಯುವ ಮಾತು ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಕೂಡಲೇ ಕರೆತನ್ನಿ. ರಾತ್ರಿಯಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.