ಪೋಪ್ ಕ್ಷಮಿಸಿದರೂ ಗುಂಡು ಹಾರಿಸಿದವನು ಜೈಲಲ್ಲೇ ಯಾಕಿದ್ದ?

ಪ್ರಶ್ನೆ: ಎರಡನೇ ಜಾನ್ ಪಾಲ್ ತಮಗೆ ಗುಂಡು ಹೊಡೆದವನನ್ನು ಜೈಲಿಗೇ ಹೋಗಿ ಕ್ಷಮಿಸಿದರು ಅಂತ ಓದಿದ್ದೇನೆ. ಹಾಗಿದ್ದರೆ ಅವನು 19 ವರ್ಷ ಇಟಲಿಯ ಜೈಲಲ್ಲಿ ಯಾಕೆ ಕೊಳೆತ? ಆ ಕ್ಷಮೆ ಬರೀ ಬಾಯಿಮಾತಾ?

ಬಾಯಿಮಾತಲ್ಲ. ಗೊಂದಲಕ್ಕೆ ಅರ್ಧ ಕಾರಣ ನಮ್ಮ ಮಾತೇ ಅನ್ನಿಸುತ್ತದೆ. ಬಸ್ಸಿನಲ್ಲಿ ಕಾಲು ತುಳಿದವರು ಕೇಳುವುದೂ ಕ್ಷಮೆ, ಗಲ್ಲು ತಪ್ಪಿಸಿ ಅಂತ ರಾಷ್ಟ್ರಪತಿಗೆ ಅರ್ಜಿ ಹಾಕುವುದೂ ಕ್ಷಮಾದಾನಕ್ಕೆ. ಮೊದಲನೆಯದನ್ನು ಕೊಡಲು ಏಟು ತಿಂದಿದ್ದರೆ ಸಾಕು. ಎರಡನೆಯದಕ್ಕೆ ಅಧಿಕಾರ ಬೇಕು. ಪೋಪ್ ಕೊಟ್ಟದ್ದು ಮೊದಲನೆಯದು.

1981ರ ಮೇ 13, ಬುಧವಾರ ಸಂಜೆ. ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಪೋಪ್ ತೆರೆದ ಜೀಪಿನಲ್ಲಿ ನಿಂತು ಜನರ ನಡುವೆ ಸುತ್ತು ಹಾಕುತ್ತಿದ್ದರು. ಒಂದು ಪುಟ್ಟ ಮಗುವನ್ನು ಎತ್ತಿ ಮುದ್ದಿಸಿ ಆಗಷ್ಟೇ ವಾಪಸ್ ಕೊಟ್ಟಿದ್ದರು. ಗುಂಪಿನಲ್ಲಿದ್ದ ತುರ್ಕಿಯ ಮೆಹ್ಮೆತ್ ಅಲಿ ಆಜಾ ಗುಂಡು ಹಾರಿಸಿದ. ಹೊಟ್ಟೆಗೆ, ಕೈಗೆ ಏಟು. ಜೆಮೆಲ್ಲಿ ಆಸ್ಪತ್ರೆಯಲ್ಲಿ ಐದು ತಾಸಿಗೂ ಜಾಸ್ತಿ ಆಪರೇಷನ್. ಆ ಭಾನುವಾರವೇ ಆಸ್ಪತ್ರೆಯಲ್ಲಿ ರೆಕಾರ್ಡ್ ಮಾಡಿದ ಅವರ ದನಿ ಚೌಕದಲ್ಲಿ ಕೇಳಿಸಿತು: ನನಗೆ ಗುಂಡು ಹೊಡೆದ ಸಹೋದರನಿಗಾಗಿ ಪ್ರಾರ್ಥಿಸಿ, ಅವನನ್ನು ಮನಸಾರೆ ಕ್ಷಮಿಸಿದ್ದೇನೆ.

ಅಂದರೆ ಕ್ಷಮೆ ನಾಲ್ಕೇ ದಿನಕ್ಕೆ ಬಂತು. ಜೀವಾವಧಿ ಶಿಕ್ಷೆ ಬಂದದ್ದು ಆಮೇಲೆ, ಜುಲೈನಲ್ಲಿ.

ಶಿಕ್ಷೆ ಕೊಟ್ಟದ್ದು ಇಟಲಿಯ ಕೋರ್ಟು. ಚೌಕ ವ್ಯಾಟಿಕನ್‌ಗೇ ಸೇರಿದ್ದು, ನಿಜ. ಆದರೆ ಇಟಲಿಗೂ ವ್ಯಾಟಿಕನ್‌ಗೂ ಆದ 1929ರ ಲ್ಯಾಟೆರನ್ ಒಪ್ಪಂದದ ಪ್ರಕಾರ ಅಲ್ಲಿನ ಪೊಲೀಸ್ ಕೆಲಸ ಇಟಲಿಯವರದ್ದು. ವ್ಯಾಟಿಕನ್ ಕೇಳಿಕೊಂಡರೆ ಅಪರಾಧಿಯ ವಿಚಾರಣೆಯೂ ಅವರದ್ದೇ. ಇನ್ನೊಂದು ಮಾತು ಜನ ಮರೆತೇಬಿಡುತ್ತಾರೆ. ಅವತ್ತು ಗುಂಡು ತಗುಲಿದ್ದು ಪೋಪ್ ಒಬ್ಬರಿಗೇ ಅಲ್ಲ, ಅಲ್ಲಿದ್ದ ಇಬ್ಬರು ಹೆಂಗಸರಿಗೂ. ಅವರ ಗಾಯಕ್ಕೆ ಪೋಪ್ ಹೇಗೆ ಕ್ಷಮೆ ಕೊಡುತ್ತಾರೆ? ಅದಕ್ಕೂ ಮೊದಲು, 1979ರಲ್ಲಿ, ಆಜಾ ಇಸ್ತಾಂಬುಲ್‌ನಲ್ಲಿ ಅಬ್ದಿ ಇಪೆಕ್ಚಿ ಎಂಬ ಪತ್ರಿಕಾ ಸಂಪಾದಕರನ್ನು ಕೊಂದು, ಜೈಲಿಂದ ತಪ್ಪಿಸಿಕೊಂಡಿದ್ದ. ಆ ಲೆಕ್ಕವೂ ಬಾಕಿ ಇತ್ತು.

ಈಗ ನೀವು ಓದಿದ ಆ ಜೈಲಿನ ಭೇಟಿ, ಅದರ ಫೋಟೋ. 1983ರ ಡಿಸೆಂಬರ್ 27, ರೋಮಿನ ರೆಬಿಬ್ಬಿಯಾ ಜೈಲು. ಸೆಲ್‌ನ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಬಿಳಿ ನಿಲುವಂಗಿಯ ಪೋಪ್, ಇನ್ನೊಂದರಲ್ಲಿ ನೀಲಿ ಸ್ವೆಟರ್, ಜೀನ್ಸ್ ತೊಟ್ಟ ಹುಡುಗ. ಕಾಲಲ್ಲಿ ಶೂ ಇದೆ, ಲೇಸ್ ಇಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಇಪ್ಪತ್ತು ನಿಮಿಷ ಪಿಸುಮಾತು. ಏನು ಮಾತಾಡಿದೆವು ಅನ್ನೋದು ನಮ್ಮಿಬ್ಬರ ನಡುವೆಯೇ ಇರುತ್ತದೆ ಅಂತ ಪೋಪ್ ಹೊರಗೆ ಬಂದು ಹೇಳಿದರು. ಅವರ ಕಾರ್ಯದರ್ಶಿಯಾಗಿದ್ದ ಜಿವಿಶ್ ಎಷ್ಟೋ ವರ್ಷದ ಮೇಲೆ ಒಂದು ಸಂಗತಿ ಬಿಟ್ಟುಕೊಟ್ಟರು. ಆಜಾ ಕ್ಷಮೆ ಕೇಳಲೇ ಇಲ್ಲವಂತೆ! ಅಷ್ಟು ಹತ್ತಿರದಿಂದ ಹೊಡೆದರೂ ನೀವು ಯಾಕೆ ಸಾಯಲಿಲ್ಲ ಅನ್ನೋದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ವಿಷಯ ಇದೇ. ಕೇಳದವನಿಗೆ ಕೊಟ್ಟ ಕ್ಷಮೆ ಅದು.

ಎರಡನೇ ಬಗೆಯ ಕ್ಷಮೆಯನ್ನೂ ಪೋಪ್ ಕೊಡಬಲ್ಲರು, ತಮ್ಮದೇ ನೆಲವಾದ ವ್ಯಾಟಿಕನ್‌ನಲ್ಲಿ. ಜಾನ್ ಪಾಲ್ ನಂತರ ಪೋಪ್ ಆದ ಹದಿನಾರನೇ ಬೆನೆಡಿಕ್ಟರ ಸೇವಕ ಪಾವ್ಲೊ ಗಾಬ್ರಿಯೆಲೆ ಅವರ ಖಾಸಗಿ ಕಾಗದಪತ್ರ ಕದ್ದು ಪತ್ರಕರ್ತರಿಗೆ ಕೊಟ್ಟ. 2012ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್ ಕೋರ್ಟು 18 ತಿಂಗಳ ಶಿಕ್ಷೆ ಕೊಟ್ಟಿತು. ಕ್ರಿಸ್‌ಮಸ್‌ಗೆ ಮೂರು ದಿನ ಮುಂಚೆ ಬೆನೆಡಿಕ್ಟ್ ಅವನ ಸೆಲ್‌ಗೆ ಹೋದರು. ಅವತ್ತೇ ಬಿಡುಗಡೆ. ಇಲ್ಲಿ ಏಟು ತಿಂದವರೂ ಅವರೇ, ರಾಜರೂ ಅವರೇ. ಆದರೂ ಹಳೇ ಕೆಲಸ ಅವನಿಗೆ ವಾಪಸ್ ಸಿಗಲಿಲ್ಲ.

ಇಷ್ಟು ಸರಳವಾದ ವ್ಯತ್ಯಾಸವನ್ನು ಚರ್ಚಿನ ದೊಡ್ಡವರೇ ಬೇರೆ ಕಡೆ ಮರೆತರು ಅನ್ನೋದನ್ನೂ ಹೇಳಬೇಕು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳು ಪಶ್ಚಾತ್ತಾಪದ ಮಾತಾಡಿದರೆ ಸಾಕು, ಅವರನ್ನು ಸುಮ್ನೆ ಇನ್ನೊಂದು ಚರ್ಚಿಗೆ ವರ್ಗ ಮಾಡಿದ ಬಿಷಪ್‌ಗಳು ಎಷ್ಟೋ ದೇಶಗಳಲ್ಲಿದ್ದರು. ಗಾಯ ಯಾರದ್ದೋ, ಕ್ಷಮೆ ಇವರದ್ದು! 2010ರಲ್ಲಿ ಐರ್ಲೆಂಡಿನವರಿಗೆ ಬರೆದ ಪತ್ರದಲ್ಲಿ ಬೆನೆಡಿಕ್ಟ್ ಇಂಥ ಪಾದ್ರಿಗಳಿಗೆ ನೇರವಾಗಿ ಹೇಳಿದರು: ನೀವು ದೇವರಿಗೂ ಉತ್ತರ ಕೊಡಬೇಕು, ಕೋರ್ಟಿಗೂ ಕೊಡಬೇಕು. 2019ರ ಕೊನೆಯಲ್ಲಿ ಅವರ ನಂತರದ ಪೋಪ್ ಫ್ರಾನ್ಸಿಸ್ ಇಂಥ ಪ್ರಕರಣಗಳ ಮೇಲಿದ್ದ, ವಿವರ ಹೊರಗೆ ಬಿಡಬಾರದೆಂಬ ಚರ್ಚಿನ ಕಟ್ಟುನಿಟ್ಟಾದ ಗೌಪ್ಯತೆಯ ನಿಯಮವನ್ನೇ ತೆಗೆದುಹಾಕಿದರು. ತಡವಾಯಿತು, ಅಲ್ವಾ?

ಮತ್ತೆ ಆಜಾ ವಿಷಯಕ್ಕೆ ಬರೋಣ. 2000ದ ಜೂನ್‌ನಲ್ಲಿ ಇಟಲಿಯ ಅಧ್ಯಕ್ಷ ಚಾಂಪಿ ಅವನಿಗೆ ಕ್ಷಮಾದಾನ ಕೊಟ್ಟರು. ಪೋಪ್ ಜಾನ್ ಪಾಲ್‌ಗೆ ತುಂಬಾ ಖುಷಿಯಾಗಿದೆ ಅಂತ ವ್ಯಾಟಿಕನ್ ಹೇಳಿತು. ಆಜಾ ಮಾತ್ರ ನೇರ ತುರ್ಕಿಯ ಜೈಲಿಗೆ ಹೋದ. ಇಪೆಕ್ಚಿ ಕೊಲೆಯ ಲೆಕ್ಕ ಅಲ್ಲಿತ್ತಲ್ಲ. ಕೊನೆಗೆ ಹೊರಗೆ ಬಂದದ್ದು 2010ರ ಜನವರಿಯಲ್ಲಿ. ಅಷ್ಟರಲ್ಲಿ ಪೋಪ್ ತೀರಿಕೊಂಡು ಐದು ವರ್ಷ ಆಗುತ್ತ ಬಂದಿತ್ತು.

2014ರ ಡಿಸೆಂಬರ್ 27ರಂದು, ಆ ಜೈಲಿನ ಭೇಟಿಗೆ ಸರಿಯಾಗಿ 31 ವರ್ಷ ತುಂಬಿದ ದಿನ, ಅವನು ವ್ಯಾಟಿಕನ್‌ಗೆ ಬಂದು ಪೋಪ್ ಸಮಾಧಿಯ ಮೇಲೆ ಬಿಳಿ ಗುಲಾಬಿ ಇಟ್ಟ. ವೀಸಾ ಇರಲಿಲ್ಲ. ಇಟಲಿಯವರು ಹಿಡಿದು ವಾಪಸ್ ಕಳಿಸಿದರು.