ಕೆಂಡಾಲ್ ಹಿಡಿದ ಹರಳು, ಅಜ್ಜಿ ತಿಂದ ಪುಡಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಚನ್ನಗಿರಿ ಕಡೆಯ ಒಬ್ಬ ಅಜ್ಜಿಯನ್ನು ಅವರ ಮಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕರೆತಂದರು. ಎರಡು ದಿನದಿಂದ ವಾಂತಿ. ಮೈ ತಣ್ಣಗಾಗಿತ್ತು, ಜೋರಾಗಿ ಕರೆದರೆ ಮಾತ್ರ ಕಣ್ಣು ಬಿಡುತ್ತಿದ್ದರು. ರಕ್ತದೊತ್ತಡದ ಮೇಲಿನ ಅಂಕಿ 70. ಇಷ್ಟು ಬಸವಳಿದವರ ಮುಖ ಬತ್ತಿರಬೇಕಲ್ಲವೇ? ಅಜ್ಜಿಯ ಮುಖ ತುಂಬಿಕೊಂಡು, ದುಂಡಗೆ, ಕೆಂಪಗಿತ್ತು. ತೋಳು ಮಾತ್ರ ಬಳೆ ಮೊಣಕೈವರೆಗೆ ಜಾರುವಷ್ಟು ಸಣಕಲು. ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಅಲ್ಲಲ್ಲಿ ನೇರಳೆ ಕಲೆ ಬಿದ್ದಿತ್ತು.

"ಮಂಡಿನೋವಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೇ?" ಎಂದು ಮಗನನ್ನು ಕೇಳಿದೆ.

"ಇಂಗ್ಲಿಷ್ ಔಷಧಿ ಏನೂ ಇಲ್ಲ ಡಾಕ್ಟರೇ. ಸಂತೆಯಲ್ಲಿ ಒಬ್ಬರು ಬೇರಿನ ಪುಡಿ ಕೊಡುತ್ತಾರೆ. ಮೂರು ವರ್ಷದಿಂದ ಅದೇ. ಈ ತಿಂಗಳು ಅವರು ಬರಲಿಲ್ಲ, ಪೊಟ್ಟಣ ಖಾಲಿಯಾಯಿತು."

ರೋಗ ಏನೆಂದು ಆ ಕೊನೆಯ ಮಾತಿನಲ್ಲೇ ತಿಳಿದುಹೋಯಿತು. ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ನರಕ್ಕೆ ಕೊಟ್ಟೆವು. ಸಲೈನ್ ಜೋರಾಗಿ ಬಿಟ್ಟೆವು. ಸಂಜೆಯ ಹೊತ್ತಿಗೆ ಅಜ್ಜಿ ದಿಂಬಿಗೆ ಒರಗಿ ಕೂತು, ಕಾಫಿಗೆ ಸಕ್ಕರೆ ಸಾಲದು ಎಂದು ನರ್ಸ್ ಜತೆ ತಕರಾರು ತೆಗೆದಿದ್ದರು.

ಹೀಗೆ ಎದ್ದು ಕೂರುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಆದರೆ ಅಜ್ಜಿಯನ್ನು ಎಬ್ಬಿಸಿದ ಇಂಜೆಕ್ಷನ್ನೂ ಅವರನ್ನು ಕೆಡವಿದ ಪುಡಿಯಲ್ಲಿ ಗುಟ್ಟಾಗಿ ಬೆರೆಸಿದ್ದ ಮದ್ದೂ ಒಂದೇ ಮನೆತನದವು: ಸ್ಟೆರಾಯ್ಡ್. ಆ ಮನೆತನವನ್ನು ದನದ ಗ್ರಂಥಿಯಿಂದ ಹೊರತೆಗೆದವರಲ್ಲಿ ಒಬ್ಬರು ಎಡ್ವರ್ಡ್ ಕೆಂಡಾಲ್. ಅವರು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ಸ್ಟೆರಾಯ್ಡ್ ಎಂದೊಡನೆ ರೋಗಿಗಳ ಮುಖದಲ್ಲಿ ಮೂಡುವ ಭಯವನ್ನು ಕಂಡಾಗಲೆಲ್ಲ ನನಗೆ ಅವರ ವೃತ್ತಿಜೀವನ ನೆನಪಾಗುತ್ತದೆ.

ಕೆಂಡಾಲ್ ಹುಟ್ಟಿದ್ದು 1886ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. 1914ರಲ್ಲಿ ಮಿನೆಸೋಟದ ಮೇಯೋ ಕ್ಲಿನಿಕ್ ಸೇರಿದರು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಥೈರಾಯ್ಡ್ ಗ್ರಂಥಿಯ ಸಾರದೊಂದಿಗೆ ಹೆಣಗುತ್ತಿದ್ದಾಗ, ಆಲ್ಕೋಹಾಲ್ ಆವಿಯಾಗಲೆಂದು ಒಲೆಯ ಮೇಲಿಟ್ಟು ಕೂತಲ್ಲೇ ನಿದ್ದೆ ಹೋದರು. ಎಚ್ಚರವಾದಾಗ ಆಲ್ಕೋಹಾಲ್ ಪೂರ್ತಿ ಇಂಗಿ, ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಉಳಿದಿತ್ತು. ಅದರ ಬೆನ್ನು ಹತ್ತಿ ಡಿಸೆಂಬರ್ 25ರಂದು ಆ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ನಿನ ಹರಳು ಪಡೆದರು. ಮುಂದೆ ಸುಮಾರು ಮೂರು ಟನ್ ಹಂದಿಯ ಥೈರಾಯ್ಡ್ ಸಂಸ್ಕರಿಸಿದಾಗ ಸಿಕ್ಕ ಥೈರಾಕ್ಸಿನ್ 33 ಗ್ರಾಂ. ಒಂದು ಹಿಡಿಯೂ ತುಂಬದು.

ಹರಳು ಸಿಕ್ಕಿತು, ಅದರ ರಚನೆ ಸಿಗಲಿಲ್ಲ. ತಾವು ಊಹಿಸಿದ ತಪ್ಪು ರಚನೆಗೆ ಅಂಟಿಕೊಂಡು ಕೆಂಡಾಲ್ ವರ್ಷಗಟ್ಟಲೆ ಕಳೆದರು. ಕೊನೆಗೆ ಲಂಡನ್ನಿನ ಹ್ಯಾರಿಂಗ್ಟನ್ 1926ರಲ್ಲಿ ಸರಿಯಾದ ರಚನೆಯನ್ನು ತೋರಿಸಿ, ಮರುವರ್ಷ ಪ್ರಯೋಗಾಲಯದಲ್ಲೇ ಥೈರಾಕ್ಸಿನ್ ತಯಾರಿಸಿದರು. ನಲವತ್ತು ದಾಟಿದ ವಿಜ್ಞಾನಿಗೆ ಇಂಥ ಪೆಟ್ಟು ಬಿದ್ದರೆ ಉಳಿದ ಆಯಸ್ಸು ಆಡಳಿತದ ಕುರ್ಚಿಯಲ್ಲಿ ಕಳೆಯುವುದು ರೂಢಿ. ಕೆಂಡಾಲ್ ಇನ್ನೊಂದು ಗ್ರಂಥಿಗೆ ಕೈ ಹಾಕಿದರು.

ಅದು ಅಡ್ರಿನಲ್. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ, ನಾಲ್ಕೈದು ಗ್ರಾಂ ತೂಕದ ಗ್ರಂಥಿ. ಒಳತಿರುಳು ಅಡ್ರಿನಾಲಿನ್ ಸುರಿಸುತ್ತದೆ. ಬದುಕು ನಿಂತಿರುವುದು ಹೊರಪದರದ ಮೇಲೆ. ಅದು ಹಾಳಾದರೆ ಮನುಷ್ಯ ಸೊರಗಿ, ಕಪ್ಪಿಟ್ಟು, ಸಾಯುತ್ತಾನೆಂದು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲೇ ಬರೆದಿದ್ದರು. ಹೊರಪದರ ಸ್ರವಿಸುವುದು ಏನನ್ನು ಎಂಬುದು ಮಾತ್ರ ಗೊತ್ತಿರಲಿಲ್ಲ.

ಸಂಶೋಧನೆಗೆ ಗ್ರಂಥಿಗಳು ರಾಶಿಗಟ್ಟಲೆ ಬೇಕು, ಕೊಳ್ಳಲು ಹಣವಿಲ್ಲ. ಕೆಂಡಾಲ್ ಒಂದು ಔಷಧ ಕಂಪನಿಯ ಜತೆ ಸಂತೆ ವ್ಯಾಪಾರದಂಥ ಒಪ್ಪಂದ ಮಾಡಿಕೊಂಡರು: ದನದ ಅಡ್ರಿನಲ್ ಗ್ರಂಥಿಗಳನ್ನು ನೀವು ಕಳಿಸಿ, ತಿರುಳಿನ ಅಡ್ರಿನಾಲಿನ್ ತೆಗೆದು ನಿಮಗೆ ಕೊಡುತ್ತೇನೆ, ಹೊರಪದರ ನನಗಿರಲಿ. ಅವರ ಜೀವನದಲ್ಲಿ ನನಗೆ ನೊಬೆಲ್‌ಗಿಂತ ಹೆಚ್ಚು ಇಷ್ಟವಾಗುವುದು ಈ ವಿನಿಮಯ. ಕಂಪನಿಗೆ ಬೇಡವಾದ ಸಿಪ್ಪೆಯಿಂದ ಒಂದೊಂದೇ ಹರಳು ಬೇರ್ಪಡಿಸಿ ಎ, ಬಿ, ಇ, ಎಫ್ ಎಂದು ಅಕ್ಷರ ಹಚ್ಚುತ್ತ ಹೋದರು. ಅತ್ತ ಸ್ವಿಟ್ಜರ್ಲೆಂಡಿನಲ್ಲಿ ತಾದೆಯುಸ್ ರೈಕ್‌ಸ್ಟೈನ್ ಅವೇ ವಸ್ತುಗಳನ್ನು ಬೇರ್ಪಡಿಸಿ ತಮ್ಮದೇ ಅಕ್ಷರ ಕೊಡುತ್ತಿದ್ದರು. ಕೆಂಡಾಲರ ಎಫ್ ಅವರಲ್ಲಿ ಎಂ! ಹಳೆಯ ಲೇಖನಗಳನ್ನು ಓದುವಾಗ ಇದರಿಂದ ಈಗಲೂ ತಲೆ ಕೆಡುತ್ತದೆ.

ಎಲ್ಲವೂ ಸ್ಟೆರಾಯ್ಡ್‌ಗಳು. ಅಂದರೆ ಮೂರು ಆರುಮೂಲೆಯ ಉಂಗುರ, ಒಂದು ಐದುಮೂಲೆಯ ಉಂಗುರ, ಒಂದಕ್ಕೊಂದು ಹೆಣೆದುಕೊಂಡ ಚೌಕಟ್ಟು. ಕೊಲೆಸ್ಟರಾಲ್‌ಗೂ ಈಸ್ಟ್ರೋಜನ್‌ಗೂ ಟೆಸ್ಟೋಸ್ಟೆರಾನ್‌ಗೂ ಅದೇ ಚೌಕಟ್ಟು. ಜಿಮ್‌ನಲ್ಲಿ ಸ್ನಾಯು ಉಬ್ಬಿಸಲು ಚುಚ್ಚಿಕೊಳ್ಳುವುದು ಟೆಸ್ಟೋಸ್ಟೆರಾನಿನ ಬಳಗದ್ದು. ನಾವು ಉಬ್ಬಸಕ್ಕೆ, ಕೀಲುವಾತಕ್ಕೆ ಕೊಡುವುದು ಅಡ್ರಿನಲ್ ಹೊರಪದರದ್ದು. ಒಂದು ಸ್ನಾಯುವನ್ನು ಬೆಳೆಸುತ್ತದೆ, ಇನ್ನೊಂದು ಕರಗಿಸುತ್ತದೆ. ಇಷ್ಟಾದರೂ "ಅದೇ ಅಲ್ಲವೇ ಡಾಕ್ಟರೇ, ಬಾಡಿ ಬಿಲ್ಡರ್‌ಗಳು ತೆಗೆದುಕೊಳ್ಳುವುದು?" ಎಂಬ ಪ್ರಶ್ನೆ ವಾರಕ್ಕೆ ಒಮ್ಮೆಯಾದರೂ ಬರುತ್ತದೆ.

ಹರಳುಗಳೇನೋ ಸಿಕ್ಕವು, ಆದರೆ ಮನುಷ್ಯನಿಗೆ ಕೊಟ್ಟು ನೋಡುವಷ್ಟು ಪ್ರಮಾಣದಲ್ಲಲ್ಲ. ಆಗ ನೆರವಿಗೆ ಬಂದದ್ದು ಒಂದು ಗಾಳಿಸುದ್ದಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪೈಲಟ್‌ಗಳು ಅಡ್ರಿನಲ್ ಸಾರದ ಬಲದಿಂದ ಭಾರೀ ಎತ್ತರದಲ್ಲಿ ವಿಮಾನ ಹಾರಿಸುತ್ತಿದ್ದಾರೆ ಎಂಬ ಮಾತು ಹಬ್ಬಿ, ಅಮೆರಿಕ ಸರ್ಕಾರ ಈ ಸಂಶೋಧನೆಗೆ ಒತ್ತು ಕೊಟ್ಟಿತು. ಸುದ್ದಿ ಸುಳ್ಳಾಗಿತ್ತು, ಕೆಲಸ ನಿಜವಾಯಿತು. ಮೊದಲು ಹೆಚ್ಚು ಪ್ರಮಾಣದಲ್ಲಿ ತಯಾರಾದದ್ದು 'ಎ'. ಅಡಿಸನ್ ರೋಗಿಗಳಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಮತ್ತೆ ಪೆಟ್ಟು. 'ಇ' ತಯಾರಿಸುವುದು ಇನ್ನೂ ಕಷ್ಟ. ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ 1944ರ ಕೊನೆಯಲ್ಲಿ ದನದ ಪಿತ್ತದ ಆಮ್ಲದಿಂದ ಶುರುಮಾಡಿ ಮೂವತ್ತಕ್ಕೂ ಹೆಚ್ಚು ಹಂತ ದಾಟಿ ಅದನ್ನು ಮಾಡಿದರು. ದೊಡ್ಡ ತೊಡಕೆಂದರೆ ಒಂದೇ ಒಂದು ಆಮ್ಲಜನಕದ ಪರಮಾಣು. ಪಿತ್ತದ ಆಮ್ಲದಲ್ಲಿ ಅದು 12ನೇ ಸ್ಥಾನದಲ್ಲಿರುತ್ತದೆ, 'ಇ'ಯಲ್ಲಿ ಇರಬೇಕಾದ್ದು 11ರಲ್ಲಿ. ಪಕ್ಕದ ಮನೆಗೆ ದಾಟಿಸಲು ಅಷ್ಟು ಪಾಡು.

ಮೇಯೋದಲ್ಲೇ ಇದ್ದ ಕೀಲುರೋಗ ತಜ್ಞ ಫಿಲಿಪ್ ಹೆಂಚ್ ಬೇರೆಯದೇ ಜಾಡು ಹಿಡಿದಿದ್ದರು. 1929ರಲ್ಲಿ, ತಾನೂ ವೈದ್ಯನಾಗಿದ್ದ ಒಬ್ಬ ರೋಗಿ ಕಾಮಾಲೆ ಬಂದೊಡನೆ ತನ್ನ ಕೀಲುನೋವು ಮಾಯವಾಯಿತೆಂದು ಅವರಿಗೆ ಹೇಳಿದ. ಗರ್ಭಿಣಿಯರಲ್ಲೂ ಈ ನೋವು ತಗ್ಗುವುದನ್ನು ಹೆಂಚ್ ಗಮನಿಸಿದರು. ದೇಹವೇ ಯಾವುದೋ ಮದ್ದು ತಯಾರಿಸುತ್ತಿದೆ ಎಂದು ಊಹಿಸಿ ಅದಕ್ಕೆ 'ಎಕ್ಸ್' ಎಂದು ಹೆಸರಿಟ್ಟರು. ಕೆಂಡಾಲ್ ಜತೆ ಮಾತಾಡುತ್ತ 1941ರಲ್ಲಿ 'ಇ'ಯನ್ನು ಕೀಲುವಾತದಲ್ಲಿ ಪ್ರಯತ್ನಿಸಬೇಕೆಂದು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಪ್ರಯತ್ನಿಸಲು ವಸ್ತು ಸಿಕ್ಕಿದ್ದು ಏಳು ವರ್ಷದ ಮೇಲೆ.

1948ರ ಸೆಪ್ಟೆಂಬರ್ 21. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ನರಳುತ್ತಿದ್ದ 29ರ ಹರೆಯದ ಮಹಿಳೆಗೆ ಮೊದಲ ಇಂಜೆಕ್ಷನ್, ದಿನಕ್ಕೆ 100 ಮಿಲಿಗ್ರಾಂ. ಮೂರು ನಾಲ್ಕು ದಿನದಲ್ಲಿ ಆಕೆ ಎದ್ದು ನಡೆದರು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಸಾಮಾನು ಖರೀದಿಸಿ ಬಂದರು. ಆ 'ಇ'ಗೆ ಕಾರ್ಟಿಸೋನ್ ಎಂಬ ಹೆಸರು ಬಂತು. 1949ರ ಏಪ್ರಿಲ್‌ನಲ್ಲಿ ಮೇಯೋ ಸಭೆಯಲ್ಲಿ ಕುಂಟುತ್ತಿದ್ದವರು ಸರಾಗವಾಗಿ ಮೆಟ್ಟಿಲು ಹತ್ತುವ ಚಿತ್ರಸುರುಳಿ ತೋರಿಸಿದಾಗ ವೈದ್ಯರೇ ಚಪ್ಪಾಳೆ ತಟ್ಟಿದರು. 1950ರಲ್ಲಿ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್.

ಆ ನೊಬೆಲ್ ತುಸು ಅವಸರದ್ದೆಂದು ನನ್ನ ಅಭಿಪ್ರಾಯ. ಐದು ವರ್ಷ ಕಾರ್ಟಿಸೋನ್ ತೆಗೆದುಕೊಂಡ ಒಬ್ಬ ರೋಗಿಯನ್ನೂ ಜಗತ್ತು ಆಗ ಕಂಡಿರಲಿಲ್ಲ. ನಿಲ್ಲಿಸಿದರೆ ನೋವು ಮರಳುತ್ತದೆ, ಮುಂದುವರಿಸಿದರೆ ಮುಖ ಊದುತ್ತದೆ, ಮನಸ್ಸು ಕದಡುತ್ತದೆ ಎಂಬುದು ಮೊದಲ ರೋಗಿಗಳಲ್ಲೇ ಗೊತ್ತಾಗಿತ್ತು. ರೋಗವನ್ನು ಇದು ವಾಸಿಮಾಡುವುದಿಲ್ಲ ಎಂದು ಹೆಂಚ್ ಎಚ್ಚರಿಸುತ್ತಲೇ ಇದ್ದರು. ಪತ್ರಿಕೆಗಳಿಗೆ ಬೇಕಿದ್ದದ್ದು ಪವಾಡ.

ಅಜ್ಜಿಯ ಪುಡಿಗೂ 1948ರ ಆ 100 ಮಿಲಿಗ್ರಾಂಗೂ ಸಂಬಂಧ ಇಲ್ಲಿದೆ. ನಮ್ಮ ಅಡ್ರಿನಲ್ ದಿನಕ್ಕೆ ತಯಾರಿಸುವುದು ಸುಮಾರು 10 ಮಿಲಿಗ್ರಾಂ ಕಾರ್ಟಿಸಾಲ್. ಅದೇ ಕೆಂಡಾಲರ 'ಎಫ್', ಅಜ್ಜಿಗೆ ಕೊಟ್ಟ ಹೈಡ್ರೋಕಾರ್ಟಿಸೋನ್ ಕೂಡ ಅದೇ. ಕಾರ್ಟಿಸೋನ್ ತಾನಾಗಿ ಏನೂ ಮಾಡದು. ಯಕೃತ್ತು ಅದನ್ನು 'ಎಫ್' ಆಗಿ ಮಾರ್ಪಡಿಸಿದ ಮೇಲೇ ಅದಕ್ಕೆ ಕಸುವು. ಈ ಕಾರ್ಟಿಸಾಲ್ ಜೀವಕೋಶದ ಒಳಹೊಕ್ಕು, ಅಲ್ಲಿನ ಗ್ರಾಹಕವನ್ನು ಹಿಡಿದುಕೊಂಡು ಕೋಶಕೇಂದ್ರಕ್ಕೆ ಹೋಗಿ, ಯಾವ ಜೀನ್ ಮಾತಾಡಬೇಕು, ಯಾವುದು ಬಾಯಿ ಮುಚ್ಚಬೇಕು ಎಂದು ನಿರ್ಧರಿಸುತ್ತದೆ. ಉರಿಯೂತ ತಗ್ಗುವುದು ಹಾಗೆ. ಸ್ನಾಯು ಕರಗಿ ಸಕ್ಕರೆಯಾಗುವುದೂ ಮೂಳೆ ಟೊಳ್ಳಾಗುವುದೂ ಹಾಗೆಯೇ. ಒಳ್ಳೆಯ ಪರಿಣಾಮವನ್ನಷ್ಟೇ ಉಳಿಸಿಕೊಂಡು ಕೆಟ್ಟದ್ದನ್ನು ಕಳಚಿಹಾಕುವ ಸ್ಟೆರಾಯ್ಡ್ ಮಾತ್ರೆ ಇವತ್ತಿಗೂ ನಮ್ಮ ಕೈಯಲ್ಲಿಲ್ಲ.

ಮಿದುಳಿನ ಬುಡದ ಪಿಟ್ಯುಟರಿ ರಕ್ತದಲ್ಲಿನ ಕಾರ್ಟಿಸಾಲನ್ನು ಸದಾ ಅಳೆಯುತ್ತಿರುತ್ತದೆ. ಕಡಿಮೆ ಎನಿಸಿದರೆ ಅಡ್ರಿನಲ್‌ಗೆ ಆಜ್ಞೆ ಕಳಿಸುತ್ತದೆ. ಹೊರಗಿನಿಂದ ದಿನವೂ ಧಾರಾಳ ಬರತೊಡಗಿದರೆ ಆಜ್ಞೆ ನಿಲ್ಲುತ್ತದೆ. ಕೆಲಸವಿಲ್ಲದ ಅಡ್ರಿನಲ್ ಸೊರಗಿ ನಿದ್ದೆ ಹೋಗುತ್ತದೆ. ಮೂರು ವರ್ಷ ನಿದ್ದೆಹೋದದ್ದು, ಪೊಟ್ಟಣ ಖಾಲಿಯಾದ ಮರುದಿನ ಎದ್ದು ನೇಗಿಲು ಹಿಡಿಯುವುದಿಲ್ಲ. ಆ ಹೊತ್ತಿಗೆ ಒಂದು ಜ್ವರವೋ ಭೇದಿಯೋ ಬಂದರೆ ರಕ್ತದೊತ್ತಡ ಕುಸಿಯುತ್ತದೆ. ತರಬೇತಿಯ ದಿನಗಳಲ್ಲಿ ನಾನೇ ಇಂಥ ಒಬ್ಬ ಹಿರಿಯರಿಗೆ ಇಡೀ ರಾತ್ರಿ ಬರೀ ಸಲೈನ್ ಏರಿಸಿದ್ದೆ. ಅವರ ಚೀಲದಲ್ಲಿದ್ದ ಉಬ್ಬಸದ ಮಾತ್ರೆಯ ಖಾಲಿ ಹಾಳೆಯನ್ನು ಬೆಳಿಗ್ಗೆ ನೋಡಿದವರು ನನ್ನ ಹಿರಿಯ ಸಹೋದ್ಯೋಗಿ. ಅಂದಿನಿಂದ ರೋಗಿಯ ಚೀಲವನ್ನು ಮೊದಲು ನೋಡುತ್ತೇನೆ, ನಾಡಿಯನ್ನು ಆಮೇಲೆ.

ಕೋವಿಡ್ ಕಾಲದಲ್ಲಿ ಪ್ರಮಾಣದ ಪಾಠ ಇನ್ನೊಮ್ಮೆ ಆಯಿತು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನದವರೆಗೆ ಕೊಟ್ಟರೆ ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗುತ್ತದೆ ಎಂದು ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನವಿಲ್ಲ ಎಂದೂ ಅದೇ ಹೇಳಿತ್ತು. ಮರುವರ್ಷ ನಮ್ಮಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ಹಿಡಿದು ಮನೆಯಲ್ಲೇ ಸ್ಟೆರಾಯ್ಡ್ ನುಂಗಿದವರನ್ನೂ ಸಕ್ಕರೆ ಏರಿ ಕಪ್ಪು ಶಿಲೀಂಧ್ರಕ್ಕೆ ಕಣ್ಣು ಕಳೆದುಕೊಂಡವರನ್ನೂ ಒಂದೇ ವಾರದಲ್ಲಿ ನೋಡಿದೆ.

ಕೆಂಡಾಲ್ 1951ರಲ್ಲಿ ಮೇಯೋದಿಂದ ನಿವೃತ್ತರಾಗಿ ಪ್ರಿನ್ಸ್‌ಟನ್‌ಗೆ ಹೋದರು. 1972ರಲ್ಲಿ ತೀರಿಕೊಳ್ಳುವವರೆಗೂ ಅಡ್ರಿನಲ್ ಅವರನ್ನು ಬಿಡಲಿಲ್ಲ.

ಅಜ್ಜಿಗೆ ಬೆಳಿಗ್ಗೆಯ ಮಾತ್ರೆಯನ್ನು ತಿಂಗಳಿಗೆ ಇಷ್ಟಿಷ್ಟೇ ಇಳಿಸುತ್ತಿದ್ದೇವೆ. ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಬೇಕು, ವಾಂತಿಯಾದರೆ ಕಾಯದೆ ಇಂಜೆಕ್ಷನ್‌ಗೆ ಬರಬೇಕು ಎಂದು ಕನ್ನಡದಲ್ಲಿ ಬರೆದ ಚೀಟಿ ಅವರ ಎಲೆ ಅಡಿಕೆ ಚೀಲದಲ್ಲಿದೆ. ಮೊನ್ನೆ ಮಾತ್ರೆ ನುಂಗುವ ಮೊದಲೇ, ಬೆಳಿಗ್ಗೆ ಎಂಟಕ್ಕೆ ಬಂದು ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಟ್ಟರು. ವರದಿ ನೋಡುತ್ತಿದ್ದ ನನ್ನನ್ನು ಕೇಳಿದರು: "ಎದ್ದಿತೇನಪ್ಪಾ ಅದು?"

"ಇನ್ನೂ ಮಗ್ಗುಲು ಬದಲಿಸುತ್ತಿದೆ ಅಜ್ಜಿ."

"ಹಾಗಾದರೆ ಬರುವ ತಿಂಗಳೂ ಬರಬೇಕು ಅನ್ನು," ಎನ್ನುತ್ತ ಚೀಟಿಯನ್ನು ಮಡಚಿ, ಎಲೆಯ ಪಕ್ಕದಲ್ಲಿಟ್ಟು, ಚೀಲದ ದಾರ ಎಳೆದರು.